ಗ್ನುಕ್ಯಾಶ್: ಹಗಲು ಲೆಡ್ಜರ್, ಸಂಜೆ ವಯಲಿನ್ ಅನ್ನೋರಿಗೆ ಸರಿಹೋಗೋ ಸಾಫ್ಟ್‌ವೇರ್

ಮೊದ್ಲೇ ಹೇಳ್ಬಿಡ್ತೀನಿ, ಅಕೌಂಟ್ಸ್‌ನಲ್ಲಿ ಕೆಲಸ ಮಾಡ್ತಾ ಸಂಗೀತನೂ ಕೈಬಿಡದೆ ಇರೋರು, ಅಥವಾ ಬ್ಯಾಂಡಲ್ಲಿ "ನಿಂಗೆ ಲೆಕ್ಕ ಬರುತ್ತಲ್ಲ, ದುಡ್ಡಿನ ವಿಷ್ಯ ನೀನೇ ನೋಡ್ಕೊ" ಅಂತ ಎಲ್ರೂ ಸೇರಿ ಯಾರಿಗೆ ಜವಾಬ್ದಾರಿ ಹೊರಿಸಿದಾರೋ ಅವ್ರು, ಗ್ನುಕ್ಯಾಶ್ ಅನ್ನೋ ಲೆಕ್ಕ ಬರೆಯೋ ಸಾಫ್ಟ್‌ವೇರ್ ಒಂದ್ಸಲ ಹಾಕ್ಕೊಂಡು ನೋಡಿ. ಆಫೀಸಲ್ಲಿ ನಾನು ಬೇರೆ ದೊಡ್ಡ ಸಾಫ್ಟ್‌ವೇರ್ ಬಳಸ್ತೀನಿ, ಆದ್ರೆ ನಮ್ಮ ವಾದ್ಯಗುಂಪಿನ ಲೆಕ್ಕ, ಹಾಡು ಬರೆಯೋ ಗೆಳೆಯರ ರಾಯಲ್ಟಿ (ಹಾಡು ಬಳಕೆ ಆದಾಗ ಹಕ್ಕುದಾರರಿಗೆ ಬರೋ ದುಡ್ಡು) ಲೆಕ್ಕ ಎಲ್ಲಾ ಇದ್ರಲ್ಲೇ ಇಡ್ತೀನಿ, ಬಿಟ್ಟು ಬೇರೆದಕ್ಕೆ ಹೋಗ್ಬೇಕು ಅಂತ ಇನ್ನೂ ಅನ್ಸಿಲ್ಲ.

ಅಕೌಂಟಿಂಗ್ ಓದ್ತಿರೋ ಹುಡುಗ ಹುಡುಗೀರು ಸುಮಾರು ಜನ ಕೇಳೋ ಪ್ರಶ್ನೆ ಒಂದಿದೆ, ಸಂಗೀತ ಅಂದ್ರೆ ಪ್ರಾಣ ಆದ್ರೆ ಕೆಲಸ ಲೆಕ್ಕದ್ದು, ಎರಡನ್ನೂ ಸೇರಿಸೋದು ಹೇಗೆ ಅಂತ. ಕೆಲಸ ಬಿಟ್ಟು ವೇದಿಕೆ ಹತ್ತು ಅಂತ ಒಬ್ರು ಹೇಳ್ತಾರೆ, ಸಂಗೀತ ಹವ್ಯಾಸವಾಗಿ ಇಟ್ಕೊ ಸಾಕು ಅಂತ ಇನ್ನೊಬ್ರು. ಎರಡೂ ಉತ್ತರ ನಂಗೆ ಅರ್ಧಂಬರ್ಧ ಅನ್ಸುತ್ತೆ, ಯಾಕಂದ್ರೆ ಇವೆರಡೂ ಸೇರೋ ಜಾಗ ಆಗ್ಲೇ ಇದೆ, ಅದು ಸಂಗೀತದ ದುಡ್ಡಿನ ಲೆಕ್ಕ. ರೆಕಾರ್ಡ್ ಕಂಪನಿ, ಮ್ಯೂಸಿಕ್ ಪಬ್ಲಿಷರ್, ಹಕ್ಕಿನ ದುಡ್ಡು ವಸೂಲಿ ಮಾಡಿ ಹಂಚೋ ಸೊಸೈಟಿಗಳು, ಆರ್ಕೆಸ್ಟ್ರಾಗಳು, ರಂಗಮಂದಿರಗಳು, ಊರೂರು ಸುತ್ತೋ ಟೂರ್‌ಗಳು, ಇಲ್ಲೆಲ್ಲಾ ಅಕೌಂಟೆಂಟ್ ಬೇಕು. ಕಲಾವಿದರ ಪರವಾಗಿ ಕಂಪನಿ ಪುಸ್ತಕ ತೆಗೆಸಿ ನೋಡೋ ರಾಯಲ್ಟಿ ಆಡಿಟ್ ಅಂತ ಒಂದು ಕೆಲಸನೇ ಇದೆ. ಇಲ್ಲಿ ಸಂಗೀತ ಗೊತ್ತಿರೋ ಅಕೌಂಟೆಂಟಿಗೂ ಗೊತ್ತಿಲ್ದೇ ಇರೋ ಅಕೌಂಟೆಂಟಿಗೂ ಕೆಲಸದಲ್ಲೇ ವ್ಯತ್ಯಾಸ ಕಾಣ್ಸುತ್ತೆ, ಮತ್ತೆ ಅದನ್ನ ಮನೇಲಿ ಕೂತು ಅಭ್ಯಾಸ ಮಾಡೋಕೆ ಗ್ನುಕ್ಯಾಶ್‌ನಷ್ಟು ಒಳ್ಳೇ ಜಾಗ ನಾನು ಕಂಡಿಲ್ಲ. ಅದಕ್ಕೇ ಈ ರಿವ್ಯೂ.

ಗೊತ್ತಿಲ್ದೇ ಇರೋರಿಗೆ, ಇದು ಓಪನ್ ಸೋರ್ಸ್ ಸಾಫ್ಟ್‌ವೇರ್, ಉಚಿತ, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಓಡುತ್ತೆ. 1997ರಲ್ಲಿ ಎಕ್ಸ್-ಅಕೌಂಟೆಂಟ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, 1998ರಲ್ಲಿ ಗ್ನುಕ್ಯಾಶ್ ಅಂತ 1.0 ಬಂತು, 2023ರಲ್ಲಿ 5.0 ಬಂದಿದೆ. ನೋಡೋಕೆ ಹಳೇ ಕಾಲದ್ದು ಥರಾನೇ ಇದೆ, ಬಣ್ಣ ಬಣ್ಣದ ಡ್ಯಾಶ್‌ಬೋರ್ಡ್ ಬೇಕು ಅನ್ನೋರಿಗೆ ನಿರಾಸೆ ಆಗುತ್ತೆ. ತೆರೆದ ಕೂಡ್ಲೇ ಕಾಣೋದು ಅಕೌಂಟ್‌ಗಳ ಮರ, ಆಸ್ತಿ, ಸಾಲ, ಆದಾಯ, ಖರ್ಚು, ಈಕ್ವಿಟಿ (ಆಸ್ತಿಲಿ ಸಾಲ ಕಳೆದು ಉಳಿಯೋ ನಮ್ಮ ಸ್ವಂತ ಪಾಲು), ಅದರ ಕೆಳಗೆ ಎಷ್ಟು ಕೊಂಬೆ ಬೇಕಾದ್ರೂ ನೀವೇ ಬೆಳೆಸ್ಕೋಬಹುದು.

ಇದರ ಜೀವ ಇರೋದು ಡಬಲ್ ಎಂಟ್ರಿಲಿ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ವೆನಿಸ್ ವ್ಯಾಪಾರಿಗಳ ಲೆಕ್ಕ ಬರೆಯೋ ಪದ್ಧತಿನ ವಿವರಿಸಿದ್ರಲ್ಲ, ಅದೇ ಪದ್ಧತಿ, ಪ್ರತಿ ಡೆಬಿಟ್ಟಿಗೂ ಅಷ್ಟೇ ಕ್ರೆಡಿಟ್ಟು. ಗ್ನುಕ್ಯಾಶ್ ಇದ್ರಲ್ಲಿ ತುಂಬಾ ಪ್ರಾಮಾಣಿಕ, ಎರಡೂ ಕಡೆ ಸರಿಹೋಗದ ಎಂಟ್ರಿ ಹಾಕಿದ್ರೆ ಮಿಕ್ಕಿದ್ದನ್ನ ಇಂಬ್ಯಾಲೆನ್ಸ್ ಅಂತ ಒಂದು ಅಕೌಂಟ್ ತಾನೇ ಮಾಡಿ ಅಲ್ಲಿ ಕೂರಿಸಿಬಿಡುತ್ತೆ, ಮುಖಪುಟದಲ್ಲೇ ಕಣ್ಣಿಗೆ ಹೊಡೆಯೋ ಹಾಗೆ. ತಾಳ ಎಷ್ಟು ಆವರ್ತ ಸುತ್ತಿದ್ರೂ ಸಮಕ್ಕೆ ಬಂದು ಕೂರ್ಲೇಬೇಕಲ್ಲ, ಹಂಗೇ ಆ ಇಂಬ್ಯಾಲೆನ್ಸ್ ಸೊನ್ನೆ ಆಗೋವರ್ಗೂ ನಂಗೆ ಸಮಾಧಾನ ಇಲ್ಲ. ಸ್ಪ್ರೆಡ್‌ಶೀಟಲ್ಲಿ ಈ ಎಚ್ಚರಿಕೆ ಸಿಗಲ್ಲ, ಅಲ್ಲಿ ಒಂದು ಸಾಲು ಡಿಲೀಟ್ ಆದ್ರೂ ಮೊತ್ತ ತಣ್ಣಗೆ ಬದಲಾಗಿ ಕೂತಿರುತ್ತೆ, ಯಾರಿಗೂ ಗೊತ್ತಾಗಲ್ಲ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ, ರಾಯಲ್ಟಿ. ಸಂಗೀತಗಾರರ ಕೈಗೆ ಬರೋ ದುಡ್ಡು ಯಾವತ್ತೂ ಪೂರ್ತಿ ಮೊತ್ತ ಅಲ್ಲ, ದಾರೀಲಿ ಎಲ್ರೂ ಹಿಡ್ಕೊಂಡು ಉಳಿದಿದ್ದು ಅದು. ಸುಲಭದ ಅಂಕಿ ಇಟ್ಕೊಂಡು ಹೇಳ್ತೀನಿ, ಕಂಪನಿ ಕಳಿಸೋ ಸ್ಟೇಟ್‌ಮೆಂಟಲ್ಲಿ ರಾಯಲ್ಟಿ 1,000 ಅಂತಿದೆ, ಅದ್ರಲ್ಲಿ 150 ತೆರಿಗೆ ಅಂತ ಮೂಲದಲ್ಲೇ ಹಿಡಿದಿದ್ದಾರೆ, 100 ಏಜೆಂಟ್ ಕಮಿಷನ್, ಬ್ಯಾಂಕಿಗೆ ಬಂದಿದ್ದು 750. ಹೆಚ್ಚಿನವರು 750 ಆದಾಯ ಅಂತ ಬರೆದು ಮುಗಿಸ್ತಾರೆ. ಹಂಗೆ ಬರೆದ್ರೆ ಆ 150 ತೆರಿಗೆ ವಾಪಸ್ ಕ್ಲೇಮ್ ಮಾಡೋಕೆ ಅಥವಾ ವಜಾ ಮಾಡ್ಕೊಳ್ಳೋಕೆ ಸಾಧ್ಯ ಇತ್ತು ಅನ್ನೋದೇ ಪುಸ್ತಕದಲ್ಲಿ ಇರಲ್ಲ, ಏಜೆಂಟಿಗೆ ವರ್ಷಕ್ಕೆ ಎಷ್ಟು ಹೋಗ್ತಿದೆ ಅಂತಾನೂ ಕಾಣಲ್ಲ. ಗ್ನುಕ್ಯಾಶಲ್ಲಿ ಸ್ಪ್ಲಿಟ್ ಒತ್ತಿದ್ರೆ ಒಂದೇ ವ್ಯವಹಾರದ ಒಳಗೆ ನಾಲ್ಕು ಸಾಲು, ಬ್ಯಾಂಕ್ 750, ಹಿಡಿದ ತೆರಿಗೆ ಆಸ್ತಿ ಕಡೆ 150, ಕಮಿಷನ್ ಖರ್ಚು 100, ಎದುರಿಗೆ ರಾಯಲ್ಟಿ ಆದಾಯ 1,000. ಇಷ್ಟೇ, ಆದ್ರೆ ಸಂಗೀತಗಾರನಿಗೆ ಇದನ್ನ ಒಂದ್ಸಲ ತೋರಿಸಿ ನೋಡಿ, ತನ್ನ ಒಪ್ಪಂದ ತನಗೇ ಮೊದಲ ಸಲ ಅರ್ಥ ಆದಂಗೆ ಮುಖ ಆಗುತ್ತೆ.

ಅಡ್ವಾನ್ಸ್ ಲೆಕ್ಕ ಇನ್ನೂ ಚೆನ್ನಾಗಿ ಕೂರುತ್ತೆ. ಕಂಪನಿ 10,000 ಅಡ್ವಾನ್ಸ್ ಕೊಡ್ತು ಅಂದ್ಕೊಳ್ಳಿ, ಮುಂದೆ ಬರೋ ರಾಯಲ್ಟಿಲಿ ಮುರ್ಕೊಳ್ಳೋ ಷರತ್ತಿನ ಮೇಲೆ. ಆವತ್ತೇ ಅದನ್ನ ಆದಾಯ ಅಂದ್ಕೊಂಡು ಖರ್ಚು ಮಾಡೋರು ಎಷ್ಟೋ ಜನ, ಪಾಪ ಆಮೇಲೆ ಹಾಡು ಓಡ್ತಿದ್ರೂ ದುಡ್ಡು ಯಾಕೆ ಬರ್ತಿಲ್ಲ ಅಂತ ಕೇಳ್ತಾರೆ. ಇಂಥ ಅಡ್ವಾನ್ಸನ್ನ ನಾನು ಸಾಲದ ಕಡೆ ಒಂದು ಅಕೌಂಟ್ ಮಾಡಿ ಅಲ್ಲಿ ಇಡ್ತೀನಿ. ಮೊದಲ ಸ್ಟೇಟ್‌ಮೆಂಟಲ್ಲಿ 3,000 ರಾಯಲ್ಟಿ ಗಳಿಕೆ ಅಂತ ಬಂದ್ರೆ ಬ್ಯಾಂಕಿಗೆ ಏನೂ ಬರಲ್ಲ, ಆದ್ರೆ ಅಡ್ವಾನ್ಸ್ ಅಕೌಂಟ್ 3,000 ಕಮ್ಮಿ ಆಗುತ್ತೆ, ಆದಾಯ 3,000 ಏರುತ್ತೆ, ಇನ್ನು 7,000 ಮುರಿಯೋದು ಬಾಕಿ. ಬ್ಯಾಂಕ್ ಪಾಸ್‌ಬುಕ್ ಮಾತ್ರ ನೋಡೋರಿಗೆ ಈ ಅವಧಿ ಖಾಲಿ ಕಾಣ್ಸುತ್ತೆ, ಲೆಡ್ಜರ್ ನೋಡೋರಿಗೆ ಹಾಡು ದುಡೀತಿರೋದು ಕಾಣ್ಸುತ್ತೆ. ಕಂಪನಿ ಕಡೆ ಪುಸ್ತಕದಲ್ಲಿ ಅದೇ ಅಡ್ವಾನ್ಸ್ ಆಸ್ತಿ ಆಗಿರುತ್ತೆ, ಹಾಡು ಓಡಲ್ಲ ಅಂತ ಅನ್ಸಿದ್ರೆ ಅವ್ರು ಅದನ್ನ ನಷ್ಟ ಅಂತ ಬರೀಬೇಕಾಗುತ್ತೆ. ಒಂದೇ ದುಡ್ಡನ್ನ ಎರಡೂ ಕಡೆಯಿಂದ ಬರೆದು ನೋಡೋದು ಓದ್ತಿರೋರಿಗೆ ಬಹಳ ಒಳ್ಳೇ ಅಭ್ಯಾಸ, ಎರಡು ಬೇರೆ ಫೈಲ್ ಮಾಡ್ಕೊಂಡು ಒಂದ್ರಲ್ಲಿ ಕಲಾವಿದ ಒಂದ್ರಲ್ಲಿ ಕಂಪನಿ ಆಗಿ ಬರೀರಿ.

ಹಾಡು ಬೇರೆ, ರೆಕಾರ್ಡಿಂಗ್ ಬೇರೆ, ಇದು ಗೊತ್ತಿಲ್ದೇ ರಾಯಲ್ಟಿ ಲೆಕ್ಕಕ್ಕೆ ಕೈ ಹಾಕಬಾರ್ದು. ಸಾಹಿತ್ಯ ಮತ್ತು ರಾಗ ಸಂಯೋಜನೆಗೆ ಒಂದು ಹಕ್ಕು, ಅದನ್ನ ಒಬ್ರು ಹಾಡಿ ಧ್ವನಿಮುದ್ರಣ ಮಾಡಿದ್ರಲ್ಲ ಅದಕ್ಕೆ ಬೇರೆ ಹಕ್ಕು, ಎರಡರ ದುಡ್ಡೂ ಬೇರೆ ಬೇರೆ ದಾರೀಲಿ ಬೇರೆ ಬೇರೆ ಜನಕ್ಕೆ ಹೋಗುತ್ತೆ. ಒಂದೇ ಹಾಡನ್ನ ಹತ್ತು ಜನ ಹಾಡಿದ್ರೆ ಸಂಯೋಜನೆ ಒಂದೇ, ರೆಕಾರ್ಡಿಂಗ್ ಹತ್ತು. ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಗಳ ಕೋಡ್ ಇದೆ, ಸಂಯೋಜನೆಗೆ ಐಎಸ್‌ಡಬ್ಲ್ಯೂಸಿ ಅನ್ನೋ ಇನ್ನೊಂದು ಕೋಡ್, ಅದು ಟಿ ಅಕ್ಷರದಿಂದ ಶುರುವಾಗುತ್ತೆ. ಅಮೆರಿಕದ್ದೇ ಉದಾಹರಣೆ ತಗೊಳ್ಳಿ, ಅಲ್ಲಿ ಮಾಮೂಲಿ ಎಎಂ ಎಫ್ಎಂ ರೇಡಿಯೋಲಿ ಹಾಡು ಬಂದ್ರೆ ಸಂಯೋಜನೆಯ ಹಕ್ಕುದಾರರಿಗೆ ದುಡ್ಡು ಬರುತ್ತೆ, ರೆಕಾರ್ಡಿಂಗ್ ಕಡೆಯವರಿಗೆ ಆ ಪ್ರಸಾರಕ್ಕೆ ಕಾನೂನು ಪ್ರಕಾರ ರಾಯಲ್ಟಿ ಇಲ್ಲ, ಆದ್ರೆ 1995ರಲ್ಲಿ ಬಂದ ಕಾನೂನಿಂದಾಗಿ ಇಂಟರ್ನೆಟ್ ರೇಡಿಯೋ, ಸ್ಯಾಟಲೈಟ್ ರೇಡಿಯೋ ಥರದ ಡಿಜಿಟಲ್ ಪ್ರಸಾರಕ್ಕೆ ಅವ್ರಿಗೂ ಇದೆ. ಇದೆಲ್ಲಾ ಒಂದೇ "ರಾಯಲ್ಟಿ" ಅನ್ನೋ ಡಬ್ಬಿಗೆ ತುಂಬಿದ್ರೆ ಯಾವ ದುಡ್ಡು ಬರ್ಬೇಕಿತ್ತು ಯಾವುದು ಬರ್ಲಿಲ್ಲ ಅಂತ ದೇವರಿಗೂ ಹೇಳೋಕಾಗಲ್ಲ.

ನಾನು ಆದಾಯದ ಕೆಳಗೆ ಎರಡು ಕೊಂಬೆ ಮಾಡಿದೀನಿ, ಸಂಯೋಜನೆ ಅಂತ ಒಂದು, ರೆಕಾರ್ಡಿಂಗ್ ಅಂತ ಒಂದು. ಸಂಯೋಜನೆ ಕೆಳಗೆ ಪ್ರತಿ ಹಾಡಿಗೆ ಅಕೌಂಟ್, ರೆಕಾರ್ಡಿಂಗ್ ಕೆಳಗೆ ಪ್ರತಿ ಟ್ರ್ಯಾಕ್‌ಗೆ ಅಕೌಂಟ್, ಗ್ನುಕ್ಯಾಶಲ್ಲಿ ಪ್ರತಿ ಅಕೌಂಟಿಗೂ ಕೋಡ್ ಹಾಕೋಕೆ ಒಂದು ಜಾಗ ಇದೆಯಲ್ಲ ಅಲ್ಲಿ ಆ ಹಾಡಿನ ಕೋಡ್ ಹಾಕಿಡ್ತೀನಿ. ಮೇಲಿನ ಆ ಎರಡು ಕೊಂಬೆಯ ಅಕೌಂಟ್‌ಗಳನ್ನ ಪ್ಲೇಸ್‌ಹೋಲ್ಡರ್ ಅಂತ ಟಿಕ್ ಮಾಡಿ, ಆಗ ಅದರ ಮೇಲೆ ನೇರವಾಗಿ ಯಾರೂ ಎಂಟ್ರಿ ಹಾಕೋಕಾಗಲ್ಲ, ಮೊತ್ತ ಮಾತ್ರ ಕೆಳಗಿಂದ ಕೂಡಿ ಬರುತ್ತೆ.

ಒಂದು ಹಾಡನ್ನ ಮೂವರು ಸೇರಿ ಮಾಡಿ ಪಾಲು ಶೇಕಡಾ 50, 30, 20 ಅಂತ ಒಪ್ಕೊಂಡಿದ್ರೆ ದುಡ್ಡು ಒಬ್ಬರ ಬ್ಯಾಂಕಿಗೆ ಬಂದಾಗ ಉಳಿದಿಬ್ಬರ ಪಾಲು ಆದಾಯ ಅಲ್ಲ, ಕೊಡಬೇಕಾದ ಬಾಕಿ. ಅವರವರ ಹೆಸರಲ್ಲಿ ಸಾಲದ ಕಡೆ ಅಕೌಂಟ್ ಮಾಡಿ ಬಂದ ದಿನಾನೇ ಅಲ್ಲಿಗೆ ಹಾಕ್ಬಿಡಿ. ಆಮೇಲೆ ಟ್ರಾನ್ಸಾಕ್ಷನ್ ರಿಪೋರ್ಟ್ ತೆಗೆದು ಆ ಒಂದು ಅಕೌಂಟ್ ಮಾತ್ರ ಆರಿಸಿದ್ರೆ ಅದೇ ಅವ್ರ ಸ್ಟೇಟ್‌ಮೆಂಟ್, ಪಿಡಿಎಫ್ ಮಾಡಿ ಕಳಿಸ್ಬಹುದು. ಗೆಳೆಯರ ಮಧ್ಯೆ ದುಡ್ಡಿನ ಮಾತು ಬಂದಾಗ ಗಂಟಲು ಕಟ್ಟುತ್ತಲ್ಲ, ಆ ಕಾಗದ ಇದ್ರೆ ಮಾತೇ ಬೇಕಾಗಲ್ಲ, ಎಲ್ರೂ ನೋಡಿ ತಲೆ ಆಡಿಸಿ ಮುಂದಿನ ಹಾಡಿಗೆ ಹೋಗ್ತಾರೆ. ಈ ಒಂದು ಉಪಯೋಗಕ್ಕೇ ನಾನು ಈ ಸಾಫ್ಟ್‌ವೇರ್‌ಗೆ ಋಣಿ.

ಎಂಟ್ರಿ ಜೊತೆಗೆ ದಾಖಲೆ ಲಿಂಕ್ ಮಾಡೋ ಸೌಲಭ್ಯನೂ ಇದೆ, ಸ್ಟೇಟ್‌ಮೆಂಟ್ ಪಿಡಿಎಫ್ ಎಲ್ಲಿದೆ ಅಂತ ಆ ವ್ಯವಹಾರಕ್ಕೇ ಕಟ್ಟಿ ಇಡ್ಬಹುದು, ಒಪ್ಪಂದದ ಸ್ಕ್ಯಾನ್ ಕೂಡ. ಫೈಲ್ ಒಳಗೆ ಸೇರಲ್ಲ, ಬರೀ ಕೊಂಡಿ, ಹಂಗಾಗಿ ಫೋಲ್ಡರ್ ಜಾಗ ಬದಲಾಯಿಸಿದ್ರೆ ಕೊಂಡಿ ಕಡಿಯುತ್ತೆ, ಗಮನ ಇರ್ಲಿ.

ಬೇರೆ ಬೇರೆ ದೇಶದ ಕರೆನ್ಸಿಲಿ ಸ್ಟೇಟ್‌ಮೆಂಟ್ ಬರೋದು ಸಂಗೀತದಲ್ಲಿ ಮಾಮೂಲು, ಅದನ್ನೂ ಸಂಭಾಳಿಸುತ್ತೆ, ಪ್ರತಿ ಅಕೌಂಟಿಗೂ ಅದರದ್ದೇ ಕರೆನ್ಸಿ, ಒಂದ್ರಿಂದ ಇನ್ನೊಂದಕ್ಕೆ ಹೋಗೋವಾಗ ವಿನಿಮಯ ದರ ಕೇಳುತ್ತೆ. ಟ್ರೇಡಿಂಗ್ ಅಕೌಂಟ್ಸ್ ಅನ್ನೋ ಆಯ್ಕೆ ಆನ್ ಮಾಡಿದ್ರೆ ದರ ಏರಿಳಿತದ ಲಾಭ ನಷ್ಟ ಬೇರೆಯಾಗಿ ಕಾಣ್ಸುತ್ತೆ. ಶುರುಲಿ ಇದು ಸ್ವಲ್ಪ ತಲೆ ತಿನ್ನುತ್ತೆ, ಒಂದೇ ಕರೆನ್ಸಿ ಇರೋರು ಇದನ್ನ ಮುಟ್ಟೋದೇ ಬೇಡ.

ರೀಕನ್ಸಿಲಿಯೇಶನ್, ಅಂದ್ರೆ ನಮ್ಮ ಲೆಕ್ಕನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋದು, ಅದರ ಬಗ್ಗೆ ಎರಡು ಮಾತು ಹೆಚ್ಚೇ ಹೇಳ್ತೀನಿ. ಗಾಯಕ ಸ್ಟಿಂಗ್ ಅವ್ರ ದುಡ್ಡು ನೋಡ್ಕೊಳ್ತಿದ್ದ ಅಕೌಂಟೆಂಟ್ ಸುಮಾರು 60 ಲಕ್ಷ ಪೌಂಡ್ ಕದ್ದಿದ್ದಕ್ಕೆ 1995ರಲ್ಲಿ ಜೈಲಿಗೆ ಹೋದ್ರು, ಅಷ್ಟು ದೊಡ್ಡ ಮೊತ್ತ ಹೋಗ್ತಿದ್ರೂ ಸ್ಟಿಂಗ್‌ಗೆ ಗೊತ್ತಾಗಿರ್ಲಿಲ್ಲ. ಸಂಗೀತಗಾರರು ಲೆಕ್ಕ ಅಂದ್ರೆ ದೂರ ಹೋಗ್ತಾರೆ ಅನ್ನೋದನ್ನೇ ಬಳಸ್ಕೊಳ್ಳೋರು ಇರ್ತಾರೆ, ಅದಕ್ಕೇ ಸಂಗೀತ ಪ್ರೀತಿಸೋ ಅಕೌಂಟೆಂಟ್ ಇನ್ನೂ ಬಿಗಿಯಾಗಿರಬೇಕು ಅಂತ ನಾನು ನಂಬೋದು, ನಮ್ಮ ಲೆಕ್ಕ ಯಾರು ಬೇಕಾದ್ರೂ ಬಂದು ನೋಡೋ ಹಾಗಿರಬೇಕು. ಗ್ನುಕ್ಯಾಶಲ್ಲಿ ರೀಕನ್ಸೈಲ್ ವಿಂಡೋ ತೆರೆದ್ರೆ ಒಂದು ಕಡೆ ಬಂದ ದುಡ್ಡು, ಇನ್ನೊಂದು ಕಡೆ ಹೋದ ದುಡ್ಡು, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ಕೊಂಡು ಒಂದೊಂದೇ ಟಿಕ್ ಮಾಡ್ತಾ ಹೋದ್ರೆ ಕೆಳಗೆ ವ್ಯತ್ಯಾಸ ಸೊನ್ನೆ ಆಗ್ಬೇಕು. ಆಮೇಲೆ ಆ ಎಂಟ್ರಿ ಬದಲಾಯಿಸೋಕೆ ಹೋದ್ರೆ ಎಚ್ಚರಿಕೆ ಕೊಡುತ್ತೆ. ತಿಂಗಳಿಗೊಂದ್ಸಲ ಗುಂಪಿನ ಇನ್ನೊಬ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇದನ್ನ ಮಾಡಿ.

ಕಾರ್ಯಕ್ರಮಗಳ ಲೆಕ್ಕಕ್ಕೆ ಬಿಸಿನೆಸ್ ಮೆನು ಇದೆ, ಕರೆಸ್ಕೊಳ್ಳೋ ಸಂಘಟಕರನ್ನ ಕಸ್ಟಮರ್ ಅಂತ ಹಾಕಿ, ಒಂದೊಂದು ಟೂರ್‌ನ ಜಾಬ್ ಅಂತ ಮಾಡಿ, ಇನ್ವಾಯ್ಸ್ ಕಳ್ಸಿ, ಯಾರ ಬಾಕಿ ಎಷ್ಟು ದಿನದಿಂದ ನಿಂತಿದೆ ಅಂತ ಏಜಿಂಗ್ ರಿಪೋರ್ಟ್ ತೆಗೀಬಹುದು. ಇನ್ವಾಯ್ಸ್ ನೋಟ ಸಾದಾ, ಲೋಗೋ ಗೀಗೋ ಹಾಕಿ ಚೆಂದ ಮಾಡೋದು ಸ್ವಲ್ಪ ಒದ್ದಾಟ. ಸ್ಟುಡಿಯೋ ಬಾಡಿಗೆ, ವಾದ್ಯದ ವಿಮೆ ಥರ ಪದೇ ಪದೇ ಬರೋದಕ್ಕೆ ಶೆಡ್ಯೂಲ್ಡ್ ಟ್ರಾನ್ಸಾಕ್ಷನ್ ಇದೆ, ಅದ್ರಲ್ಲಿ ಸೂತ್ರನೂ ಹಾಕ್ಬಹುದು, ಮೊತ್ತದ ಜಾಗದಲ್ಲಿ ಒಂದು ಹೆಸರು ಇಟ್ರೆ ಆ ದಿನ ಬಂದಾಗ ಅಂಕಿ ಎಷ್ಟು ಅಂತ ಕೇಳಿ ಪಾಲು ತಾನೇ ಲೆಕ್ಕ ಹಾಕುತ್ತೆ.

ಕೊರತೆ ಇಲ್ವಾ ಅಂದ್ರೆ ಇದೆ, ಸಣ್ಣದೇನಲ್ಲ. ಒಂದೇ ಹೊತ್ತಲ್ಲಿ ಇಬ್ಬರು ಒಂದೇ ಫೈಲ್ ಮೇಲೆ ಕೆಲಸ ಮಾಡೋಕಾಗಲ್ಲ, ಡೇಟಾಬೇಸ್‌ನಲ್ಲಿ ಉಳಿಸೋ ಆಯ್ಕೆ ಇದ್ರೂ ಇದು ಮೂಲತಃ ಒಬ್ರು ಕೂತು ಬರೆಯೋ ಪುಸ್ತಕ, ದೊಡ್ಡ ಆಫೀಸಿಗೆ ಆಗಲ್ಲ. ಸ್ಟ್ರೀಮಿಂಗ್ ಸ್ಟೇಟ್‌ಮೆಂಟ್ ಬರುತ್ತಲ್ಲ, ಹಾಡು, ದೇಶ, ತಿಂಗಳು, ಸೇವೆ ಅಂತ ಸಾವಿರಾರು ಸಾಲು, ಪ್ರತಿ ಸಾಲಲ್ಲೂ ದಶಾಂಶ ಬಿಂದು ಆದ್ಮೇಲೆ ಉದ್ದಕ್ಕೂ ಅಂಕಿ, ಅದನ್ನ ಇದಕ್ಕೆ ನೇರವಾಗಿ ತುಂಬೋಕೆ ಹೋಗ್ಬೇಡಿ. ಸಿಎಸ್‌ವಿ ಇಂಪೋರ್ಟ್ ಇದೆ ನಿಜ, ಆದ್ರೆ ಅದು ಬ್ಯಾಂಕ್ ಸ್ಟೇಟ್‌ಮೆಂಟಿಗೆ ಹೊಂದೋವಂಥದ್ದು. ಆ ಸಾಲುಗಳನ್ನ ಸ್ಪ್ರೆಡ್‌ಶೀಟಲ್ಲಿ ಒಟ್ಟುಗೂಡಿಸಿ (ಪಿವಟ್ ಮಾಡಿ) ಹಾಡುವಾರು ಮೊತ್ತ ತೆಗೆದು ಒಂದೇ ಜರ್ನಲ್ ಎಂಟ್ರಿಯಾಗಿ ಹಾಕಿ, ಮೂಲ ಫೈಲ್ ಲಿಂಕ್ ಮಾಡಿಡಿ. ಪೂರ್ಣಾಂಕಕ್ಕೆ ತರೋವಾಗ ಉಳಿಯೋ ಚಿಲ್ಲರೆಗೂ ಒಂದು ಅಕೌಂಟ್ ಇರ್ಲಿ.

ಇನ್ನೊಂದು, ಸ್ಟೇಟ್‌ಮೆಂಟ್ ತಡವಾಗಿ ಬರೋ ವಿಷ್ಯ. ಜನ ಹಾಡು ಕೇಳೋದು ಈ ವರ್ಷ, ಕಾಗದ ಬರೋದು ಮುಂದಿನ ವರ್ಷ. 2018ರಿಂದ ಜಾರಿಯಲ್ಲಿರೋ ಐಎಫ್‌ಆರ್‌ಎಸ್ 15 ಅನ್ನೋ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಮಾರಾಟ ಅಥವಾ ಬಳಕೆ ಮೇಲೆ ನಿಂತಿರೋ ರಾಯಲ್ಟಿನ ಆ ಮಾರಾಟ ಅಥವಾ ಬಳಕೆ ಆದಾಗ ಆದಾಯ ಅಂತ ತಗೋಬೇಕು (ಒಪ್ಪಂದದ ಕೆಲಸ ಇನ್ನೂ ಬಾಕಿ ಇದ್ರೆ ಅದು ಮುಗಿಯೋವರ್ಗೂ ಕಾಯ್ಬೇಕು), ಅಂದ್ರೆ ವರ್ಷಾಂತ್ಯಕ್ಕೆ ಅಂದಾಜು ಮಾಡಿ ಬರೀಬೇಕಾಗುತ್ತೆ. ಗ್ನುಕ್ಯಾಶ್ ಇದನ್ನ ತಾನಾಗಿ ಮಾಡಲ್ಲ, ನೀವೇ ಎಂಟ್ರಿ ಹಾಕಿ ಆಮೇಲೆ ಉಲ್ಟಾ ಎಂಟ್ರಿ ಹಾಕಿ ಅದನ್ನ ರದ್ದು ಮಾಡ್ಬೇಕು. ಸಂಗೀತ ಗೊತ್ತಿರೋದು ಇಲ್ಲಿ ನಿಜವಾಗ್ಲೂ ಕೈ ಹಿಡಿಯುತ್ತೆ, ಯಾವ ಹಾಡು ಹಬ್ಬದ ಕಾಲದಲ್ಲಿ ಮಾತ್ರ ಓಡುತ್ತೆ, ಯಾವುದು ಬಿಡುಗಡೆ ಆದ ತಿಂಗಳು ಹಾರಿ ಆಮೇಲೆ ಇಳಿಯುತ್ತೆ, ಯಾವುದು ವರ್ಷಗಟ್ಟಲೆ ಒಂದೇ ಸಮ ಹೋಗುತ್ತೆ ಅನ್ನೋ ಅಂದಾಜು ಕೇಳೋ ಕಿವಿ ಇರೋರಿಗೆ ಬೇಗ ಸಿಗುತ್ತೆ.

ವಾದ್ಯಗಳ ಸವಕಳಿಗೂ (ಬಳಸ್ತಾ ಸವೆಯೋ ವಸ್ತುವಿನ ಬೆಲೆನ ವರ್ಷ ವರ್ಷ ಖರ್ಚಿಗೆ ಹಾಕೋದು) ಇದ್ರಲ್ಲಿ ಪ್ರತ್ಯೇಕ ಸೌಲಭ್ಯ ಇಲ್ಲ, ಶೆಡ್ಯೂಲ್ಡ್ ಎಂಟ್ರಿ ಮಾಡ್ಕೊಂಡು ನಡೆಸ್ಬೇಕು. ವಯಲಿನ್ ನುಡಿಸೋನಾಗಿ ಈ ವಿಷ್ಯ ನಂಗೆ ಬಲು ಇಷ್ಟ, ಯಾಕಂದ್ರೆ ಹಳೇ ವಾದ್ಯಗಳ ಬೆಲೆ ಇಳಿಯೋ ಬದ್ಲು ಏರುತ್ತಲ್ಲ, ಹಂಗಿದ್ರೆ ಸವಕಳಿ ಹಾಕ್ಬಹುದಾ? ಅಮೆರಿಕದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ವಯಲಿನ್ ವಾದಕ ದಂಪತಿ, ಸೈಮನ್ ಅಂತ, ಫ್ರಾನ್ಸ್‌ವಾ ಟೂರ್ಟ್ ಮಾಡಿದ 19ನೇ ಶತಮಾನದ ಕಮಾನುಗಳನ್ನ ತಗೊಂಡು ನುಡಿಸ್ತಾ ಅದಕ್ಕೆ ಸವಕಳಿ ಕ್ಲೇಮ್ ಮಾಡಿದ್ರು, ತೆರಿಗೆ ಇಲಾಖೆ ಒಪ್ಲಿಲ್ಲ, ಕೇಸು ನಡೀತು. 1995ರಲ್ಲಿ ಮೇಲ್ಮನವಿ ಕೋರ್ಟ್ ವಾದಕರ ಪರ ತೀರ್ಪು ಎತ್ತಿಹಿಡೀತು, ಸಂಗ್ರಾಹಕರಿಗೆ ಬೆಲೆ ಏರಿರಬಹುದು, ಆದ್ರೆ ದಿನಾ ನುಡಿಸಿದ್ರೆ ಕಮಾನು ಸವೀತದೆ ಅನ್ನೋದು ವಾದ. ಕಮಾನು ಸವೆಯೋದು ಅಂದ್ರೆ ಏನು ಅಂತ ಕೈಯಲ್ಲಿ ಹಿಡಿದವರಿಗೆ ಗೊತ್ತು, ಕಡ್ಡಿ ತನ್ನ ಬಿಗಿ ಕಳ್ಕೊಂಡಾಗ ನಾದಾನೇ ಬೇರೆ ಆಗುತ್ತೆ. ಅದು ಆ ದೇಶದ ಆ ಕಾಲದ ಕಾನೂನಿನ ಮೇಲೆ ನಿಂತ ತೀರ್ಪು, ನಿಮ್ಮ ಕಡೆ ನಿಯಮ ಏನಿದೆಯೋ ನೋಡ್ಕೊಂಡೇ ಎಂಟ್ರಿ ಹಾಕಿ.

ಅಂದ ಹಾಗೆ ಎರಡೂ ದೋಣೀಲಿ ಕಾಲಿಟ್ರೆ ಮುಳುಗ್ತೀಯ ಅಂತ ಹೆದರಿಸೋರಿಗೆ ನಾನು ಅಮೆರಿಕದ ಸಂಗೀತ ಸಂಯೋಜಕ ಚಾರ್ಲ್ಸ್ ಐವ್ಸ್ ಹೆಸರು ಹೇಳೋದು. ಹಗಲೆಲ್ಲಾ ಜೀವವಿಮೆ ವ್ಯವಹಾರ, ಸ್ವಂತ ಏಜೆನ್ಸಿ ಕಟ್ಟಿ ಬೆಳೆಸಿದ್ರು, ಬಿಡುವಲ್ಲಿ ಬರೆದ ಸಂಗೀತಕ್ಕೆ, ಅವ್ರ ಮೂರನೇ ಸಿಂಫನಿಗೆ, 1947ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಸ್ಯಾಕ್ಸೋಫೋನ್‌ನ ಕೆನ್ನಿ ಜಿ ಓದಿದ್ದೇ ಅಕೌಂಟಿಂಗ್. ಇವ್ರಷ್ಟು ದೊಡ್ಡವರು ನಾವಾಗ್ಬೇಕು ಅಂತಲ್ಲ, ಒಂದು ತಲೇಲಿ ಎರಡಕ್ಕೂ ಜಾಗ ಇದೆ ಅಂತ ಅಷ್ಟೇ.

ನಂದು ಐದಕ್ಕೆ ನಾಲ್ಕು. ಒಬ್ರೇ ಕಲಾವಿದರು, ಸಣ್ಣ ಗುಂಪು, ಸಣ್ಣ ಲೇಬಲ್, ಅಥವಾ ರಾಯಲ್ಟಿ ಅಕೌಂಟಿಂಗ್ ಕಡೆ ಹೋಗ್ಬೇಕು ಅನ್ನೋ ವಿದ್ಯಾರ್ಥಿ ಆದ್ರೆ ಕಣ್ಮುಚ್ಚಿ ತಗೊಳ್ಳಿ. ನೂರಾರು ಕಲಾವಿದರಿಗೆ ಸ್ಟೇಟ್‌ಮೆಂಟ್ ಕಳಿಸೋ ಕಂಪನಿ ಆದ್ರೆ ರಾಯಲ್ಟಿಗೇ ಅಂತ ಮಾಡಿರೋ ಬೇರೆ ವ್ಯವಸ್ಥೆ ಬೇಕು, ಇದ್ರಲ್ಲಿ ಒದ್ದಾಡ್ಬೇಡಿ. ಡಬಲ್ ಎಂಟ್ರಿ ಗಂಧಗಾಳಿ ಇಲ್ದಿರೋರು ಸಾಫ್ಟ್‌ವೇರ್ ಜೊತೆ ಬರೋ ಟ್ಯುಟೋರಿಯಲ್ ಓದಿ ಶುರು ಮಾಡಿ, ಚೆನ್ನಾಗಿ ಬರೆದಿದ್ದಾರೆ. ಹಳೇ ವರ್ಷಗಳ ಲೆಕ್ಕ ಎಲ್ಲಾ ತುಂಬೋಕೆ ಹೋಗ್ಬೇಡಿ, ಒಂದು ತಾರೀಕು ಗಟ್ಟಿ ಮಾಡ್ಕೊಳ್ಳಿ, ಆವತ್ತು ಬ್ಯಾಂಕಲ್ಲಿ ಎಷ್ಟಿದೆ, ಅಡ್ವಾನ್ಸ್ ಎಷ್ಟು ಮುರಿಯೋದು ಬಾಕಿ ಇದೆ, ಯಾರ್ಯಾರಿಗೆ ಎಷ್ಟು ಪಾಲು ಕೊಡ್ಬೇಕು ಇಷ್ಟನ್ನ ಓಪನಿಂಗ್ ಬ್ಯಾಲೆನ್ಸ್ ಆಗಿ ಹಾಕಿ, ಕೊನೇದಾಗಿ ಬಂದ ರಾಯಲ್ಟಿ ಸ್ಟೇಟ್‌ಮೆಂಟ್ ಕೈಗೆ ತಗೊಂಡು ಮೊದಲ ಎಂಟ್ರಿ ಬರೀರಿ.